ತೂಕದ ವ್ಯಾಗನ್: ಹೊಟ್ಟೆಯೊಳಗೆ ಕಾಟಾ ಇಟ್ಟುಕೊಂಡ ಗಾಡಿ

ವಾಡಿ ಜಂಕ್ಷನ್‌ನಲ್ಲಿ ಗಾಡಿ ಲೇಟಾದರೆ ಓದಲು ಪೇಪರ್ ಬೇಕಿಲ್ಲ. ಎದುರಿನ ಲೈನ್‌ನಲ್ಲಿ ಒಂದಿಲ್ಲೊಂದು ಗೂಡ್ಸ್ ನಿಂತಿರುತ್ತದೆ, ಅದರ ಮೈಮೇಲೆ ಬೇಕಾದಷ್ಟು ಬರಹ ಇರುತ್ತದೆ. ಹೋದ ಬೇಸಿಗೆಯಲ್ಲಿ ಅಣ್ಣನ ಮಗನ ಜೊತೆ ಅಲ್ಲಿ ಕೂತಿದ್ದೆ. ಏಳನೇ ಕ್ಲಾಸಿನ ಹುಡುಗ. ಒಂದು ವ್ಯಾಗನ್ ಮೇಲಿನ ಅಂಕಿ ಓದಿ ಕೇಳಿದ: “ಕಾಕಾ, ಈ ಡಬ್ಬಿಗೆ ತನ್ನ ತೂಕ ತನಗ ಹೆಂಗ ಗೊತ್ತಾತು? ಒಳಗ ಕಾಟಾ ಇಟ್ಟಾರೇನು?”

“ಇಲ್ಲೋ ತಮ್ಮಾ, ಅದು ಬರೀ ಪೇಂಟ್” ಅಂದೆ. ಆದರೆ ಅವನು ಕೇಳಿದ್ದು ತಪ್ಪೇನಲ್ಲ. ಒಳಗೆ ಕಾಟಾ ಇಟ್ಟುಕೊಂಡು ಓಡಾಡುವ ರೈಲು ಗಾಡಿಗಳು ನಿಜಕ್ಕೂ ಇವೆ. ನಮ್ಮ ವಾಡಿಯ ಲೈನ್‌ಗಳಲ್ಲಿ ಅಲ್ಲ, ಬೇರೆ ಕಡೆ.

ತೂಕದ ವ್ಯಾಗನ್ ಅಂದರೆ ತನ್ನೊಳಗೆ ಹಾಕಿದ ಮಾಲಿನ ತೂಕವನ್ನು ತಾನೇ ತೋರಿಸುವ ಗಾಡಿ. ಇಂಗ್ಲಿಷಿನವರು ಇದನ್ನು ಸ್ಕೇಲ್ ಕಾರ್ ಅನ್ನುತ್ತಾರೆ. ರಷ್ಯನ್ ಭಾಷೆಯಲ್ಲಿ ‘ವಗೋನ್-ವೆಸಿ’, ಅಂದರೆ ವ್ಯಾಗನ್-ತಕ್ಕಡಿ. ನನಗೆ ರಷ್ಯನ್ನರ ಹೆಸರೇ ಜಾಸ್ತಿ ಇಷ್ಟ. ಎರಡು ಸಾಮಾನು ಪಕ್ಕಪಕ್ಕ ಇಟ್ಟು ಕೈ ತೊಳೆದುಕೊಂಡಿದ್ದಾರೆ. ನಮ್ಮ ಕಡೆ ತೂಕದ ಯಂತ್ರಕ್ಕೆಲ್ಲ ಕಾಟಾ ಅನ್ನುವುದರಿಂದ ‘ಕಾಟಾ ವ್ಯಾಗನ್’ ಅಂದರೆ ಕಲಬುರಗಿ ಗಂಜಿನ, ಅಂದರೆ ಕಾಳುಕಡಿ ಮಾರುಕಟ್ಟೆಯ, ಯಾವ ಹಮಾಲನಿಗೂ ಅರ್ಥವಾಗುತ್ತದೆ. ಹಿರಿಯರು ತ್ರಾಸು ಅನ್ನುತ್ತಾರೆ. ಅದು ಪಾರಸಿಯ ತರಾಜೂ. ‘ಭಾಳ ತ್ರಾಸ ಆತು’ ಅನ್ನುವಾಗಿನ ತ್ರಾಸ ಮಾತ್ರ ಸಂಸ್ಕೃತದ್ದು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ತೊಗರಿ ಮಾರಲು ಹೋದ ರೈತನನ್ನು ಕೇಳಿದರೆ ಎರಡೂ ಒಂದೇ ಅಂದಾನು, ಆ ಮಾತು ಬೇರೆ.

ಈ ಗಾಡಿ ಹುಟ್ಟಿದ್ದು ಊರಿಂದ ಊರಿಗೆ ಹೋಗಲು ಅಲ್ಲ. ಇದರ ಮನೆ ಉಕ್ಕಿನ ಕಾರ್ಖಾನೆ. ಕಬ್ಬಿಣ ಕರಗಿಸುವ ಊದುಕುಲುಮೆಗೆ ಅದಿರು, ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ), ಸುಣ್ಣದ ಕಲ್ಲು ಮೂರೂ ಲೆಕ್ಕದ ಪ್ರಕಾರ ಬೀಳಬೇಕು. ಒಂದು ಟನ್ ಕಬ್ಬಿಣಕ್ಕೆ ಒಂದೂವರೆ ಟನ್‌ಗೂ ಮೇಲೆ ಅದಿರು, ಅರ್ಧ ಟನ್ ಆಸುಪಾಸು ಕೋಕ್ ಬೇಕು. ಕೈಅಂದಾಜಿನಲ್ಲಿ ಹಾಕಿದರೆ ನಡೆಯುವುದಿಲ್ಲ. ಕೋಕ್ ಕಮ್ಮಿಯಾದರೆ ಕುಲುಮೆ ತಣ್ಣಗಾಗುತ್ತದೆ. ಜಾಸ್ತಿಯಾದರೆ ದುಡ್ಡು ಸುಮ್ನೆ ಹೊಗೆಯಾಗಿ ಹೋಗುತ್ತದೆ.

ಕುಲುಮೆಯ ಪಕ್ಕದಲ್ಲಿ ಎತ್ತರದ ಗೂಡುಗಳ ಸಾಲು ಇರುತ್ತದೆ. ಒಂದೊಂದು ಗೂಡಿನಲ್ಲಿ ಒಂದೊಂದು ಮಾಲು. ಗೂಡಿನ ತಳಕ್ಕೆ ಬಾಗಿಲು. ಬಾಗಿಲುಗಳ ಕೆಳಗೆ ಹಳಿ. ಆ ಹಳಿಯ ಮೇಲೆ ಕರೆಂಟಿನಲ್ಲಿ ಓಡುವ ಕಾಟಾ ವ್ಯಾಗನ್, ಅದರಲ್ಲೇ ಡ್ರೈವರನ ಕ್ಯಾಬಿನ್, ಕ್ಯಾಬಿನ್‌ನಲ್ಲಿ ದೊಡ್ಡ ಮುಳ್ಳಿನ ಡಯಲ್. ಡ್ರೈವರ್ ಅದಿರಿನ ಗೂಡಿನ ಕೆಳಗೆ ಗಾಡಿ ನಿಲ್ಲಿಸಿ ಬಾಗಿಲು ತೆರೆಯುತ್ತಾನೆ. ಮಾಲು ಗಡಗಡ ಬೀಳುತ್ತದೆ, ಮುಳ್ಳು ಮೇಲೇರುತ್ತದೆ. ಬೇಕಾದ ಅಂಕಿ ಬಂದ ಮೇಲೆ ಬಾಗಿಲು ಮುಚ್ಚಿದರೆ ಕೆಟ್ಟಿತು, ಯಾಕೆಂದರೆ ಬಾಗಿಲಿಂದ ಹೊರಟ ಮಾಲು ಇನ್ನೂ ಗಾಳಿಯಲ್ಲೇ ಇರುತ್ತದೆ. ಅದಕ್ಕೇ ಮುಳ್ಳು ಗುರಿ ಮುಟ್ಟುವ ಸ್ವಲ್ಪ ಮೊದಲೇ ಮುಚ್ಚಬೇಕು. ಕಿರಾಣಿ ಅಂಗಡಿಯವನು ಸಕ್ಕರೆ ಸುರಿಯುವಾಗ ಕೊನೆಗೆ ಕೈ ಸಣ್ಣದು ಮಾಡುತ್ತಾನಲ್ಲ, ಅದೇ ಕಸುಬು. ಇಲ್ಲಿ ಟನ್ ಲೆಕ್ಕದಲ್ಲಿ, ಅಷ್ಟೇ ವ್ಯತ್ಯಾಸ. ಹೀಗೆ ಒಂದೊಂದೇ ಗೂಡಿನಿಂದ ತೂಕ ಮಾಡಿ ತುಂಬಿಕೊಂಡು, ಕುಲುಮೆಯ ಬುಡದ ಗುಂಡಿಯಲ್ಲಿ ಕಾದಿರುವ ತೊಟ್ಟಿಗೆ ಸುರಿಯಬೇಕು. ಆ ತೊಟ್ಟಿಗೆ ಸ್ಕಿಪ್ ಅನ್ನುತ್ತಾರೆ. ಅದು ಇಳಿಜಾರಿನ ಹಳಿಯ ಮೇಲೆ ಕುಲುಮೆಯ ತಲೆಗೆ ಹತ್ತಿ ಮಗುಚಿಕೊಳ್ಳುತ್ತದೆ.

ಕೋಕ್ ಸಾಮಾನ್ಯವಾಗಿ ಈ ಗಾಡಿ ಹತ್ತುವುದಿಲ್ಲ. ಅದು ಬೇಗ ಪುಡಿಯಾಗುವ ಮಾಲು, ಎತ್ತಿಳಿಸಿದಷ್ಟೂ ನಷ್ಟ. ಹಾಗಾಗಿ ಅದಕ್ಕೆ ಗುಂಡಿಯ ಪಕ್ಕದಲ್ಲೇ ಬೇರೆ ತೂಕದ ತೊಟ್ಟಿ ಇಟ್ಟು ನೇರ ಸ್ಕಿಪ್‌ಗೆ ಬಿಡುತ್ತಾರೆ. ಇನ್ನು ಮಳೆಗಾಲದ ಕಿರಿಕಿರಿ ಒಂದಿದೆ. ನೆನೆದ ಮಾಲನ್ನು ತೂಗಿದರೆ ನೀರನ್ನೂ ತೂಗಿದಂತೆ. ಕುಲುಮೆ ನೀರಿಗೆ ಕಬ್ಬಿಣ ಕೊಡುವುದಿಲ್ಲ. ತೇವ ಎಷ್ಟು ಅಂತ ನೋಡಿ ಆ ಲೆಕ್ಕ ಕಳೆಯಲೇಬೇಕು. ಗಂಜಿನಲ್ಲಿ ಹಸಿ ತೊಗರಿಗೆ ದಲಾಲಿ ಮುಖ ಸಿಂಡರಿಸುವುದೂ ಇದೇ ಕಾರಣಕ್ಕೆ, ಅಲ್ವಾ?

ಈಗ ಮುಖ್ಯ ಪ್ರಶ್ನೆ. ಗಾಡಿಯೊಳಗೆ ಇರುವ ತಕ್ಕಡಿ ಗಾಡಿಯನ್ನೂ ಸೇರಿಸಿ ತೂಗುವುದಿಲ್ಲವೇ? ಇಲ್ಲ. ತಕ್ಕಡಿಯ ಮೇಲೆ ಕೂತದ್ದು ಮಾತ್ರ ತೂಕಕ್ಕೆ ಬರುತ್ತದೆ, ಕೆಳಗೆ ಉಳಿದದ್ದು ಬರುವುದಿಲ್ಲ. ಕಾಟಾ ವ್ಯಾಗನ್‌ನಲ್ಲಿ ಚಕ್ರ, ಮೋಟಾರ್, ಕ್ಯಾಬಿನ್ ಎಲ್ಲ ಕೆಳಗಿನ ಚೌಕಟ್ಟಿಗೆ ಸೇರಿದ್ದು. ಮಾಲು ಬೀಳುವ ತೊಟ್ಟಿಯನ್ನು ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿದಿರುವುದಿಲ್ಲ. ಅದು ಸನ್ನೆಗೋಲುಗಳ ಮೇಲೆ ಕೂತಿರುತ್ತದೆ. ಸನ್ನೆಗೋಲುಗಳು ಚಾಕುವಿನ ಅಲಗಿನಂಥ ಉಕ್ಕಿನ ಅಂಚುಗಳ ಮೇಲೆ ಆಡುತ್ತವೆ. ಆ ಅಲುಗಾಟ ಒಂದು ಸರಳಿನ ಮೂಲಕ ಡಯಲ್‌ಗೆ ಮುಟ್ಟುತ್ತದೆ. ತೊಟ್ಟಿ ಮತ್ತು ಚೌಕಟ್ಟಿನ ನಡುವಿನ ಸಂದಿಯಲ್ಲಿ ಒಂದು ಕಲ್ಲು ಸಿಕ್ಕಿಕೊಂಡರೆ ಮುಗಿಯಿತು, ತೊಟ್ಟಿಯ ಒಂದಿಷ್ಟು ಭಾರ ಆ ಕಲ್ಲಿನ ದಾರಿಯಲ್ಲಿ ಇಳಿದುಹೋಗುತ್ತದೆ, ಮುಳ್ಳು ಕಮ್ಮಿ ತೋರಿಸುತ್ತದೆ. ಈ ಯಂತ್ರದ ಜೀವ ಇರುವುದು ಆ ಖಾಲಿ ಸಂದಿಯಲ್ಲೇ.

ಸನ್ನೆಗೋಲಿನ ಜಾಗಕ್ಕೆ ಆಮೇಲೆ ಲೋಡ್ ಸೆಲ್ ಬಂತು. ಅದು ಒಂದು ಉಕ್ಕಿನ ತುಂಡು. ಭಾರ ಬಿದ್ದರೆ ಕಣ್ಣಿಗೆ ಕಾಣದಷ್ಟು ಅಮುಕುತ್ತದೆ. ಅದರ ಮೈಗೆ ಅಂಟಿಸಿದ ತೆಳ್ಳನೆಯ ತಂತಿಯೂ ಜೊತೆಗೆ ಅಮುಕಿ, ಅದರಲ್ಲಿ ಕರೆಂಟ್ ಹರಿಯುವ ರೀತಿ ಚೂರು ಬದಲಾಗುತ್ತದೆ. ಆ ಚೂರನ್ನು ಅಳೆದರೆ ತೂಕ ಸಿಕ್ಕಿತು. ತಂತಿ ಅಂಟಿಸುವ ಈ ಉಪಾಯವನ್ನು 1938ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಬೇರೆಬೇರೆಯಾಗಿಯೇ ಕಂಡುಹಿಡಿದರು. ಇವತ್ತು ಗಂಜಿನ ಎಲೆಕ್ಟ್ರಾನಿಕ್ ಕಾಟಾದ ಹೊಟ್ಟೆಯಲ್ಲಿರುವುದೂ ಇದೇ.

ಕುಲುಮೆಯ ಕಾಟಾ ವ್ಯಾಗನ್‌ಗಳ ಕಾಲ ಈಗ ಹೆಚ್ಚುಕಮ್ಮಿ ಮುಗಿದಿದೆ. ಹೊಸ ಕಾರ್ಖಾನೆಗಳಲ್ಲಿ ಪ್ರತಿ ಗೂಡಿನ ಕೆಳಗೂ ನಿಂತಲ್ಲೇ ತೂಗುವ ತೊಟ್ಟಿ, ಅದರ ಕೆಳಗೆ ಬೆಲ್ಟ್. ನಮ್ಮ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಕಡೆ ಕೆಲಸ ಮಾಡಿದವರನ್ನು ಕೇಳಿ, ‘ವೇ ಫೀಡರ್’ ಅನ್ನುವ ಮಾತು ಅವರ ಬಾಯಲ್ಲಿ ಬರುತ್ತದೆ. ಅದು ಓಡುವ ಬೆಲ್ಟಿನ ಮೇಲೇ ಮಾಲು ತೂಗುವ ಸಾಧನ. ಕಾಟಾ ವ್ಯಾಗನ್‌ನಲ್ಲಿ ತಕ್ಕಡಿ ಮಾಲಿನ ಹತ್ತಿರ ಹೋಗುತ್ತಿತ್ತು. ಇಲ್ಲಿ ಮಾಲೇ ತಕ್ಕಡಿಯ ಹತ್ತಿರ ಬರುತ್ತದೆ.

ಇದೇ ಸ್ಕೇಲ್ ಅನ್ನುವ ಮಾತು ಸೇರಿಕೊಂಡು ಗೊಂದಲ ಮಾಡುವ ಇನ್ನೊಂದು ಗಾಡಿ ಇದೆ: ಸ್ಕೇಲ್ ಟೆಸ್ಟ್ ಕಾರ್. ಹೆಸರು ಕೇಳಿದರೆ ಅಣ್ಣತಮ್ಮ ಅನಿಸುತ್ತದೆ. ಕೆಲಸ ಮಾತ್ರ ತಿರುಗಾಮುರುಗಾ. ಅದರೊಳಗೆ ತಕ್ಕಡಿ ಇಲ್ಲ. ಅದೇ ತೂಕದ ಕಲ್ಲು. ರೈಲ್ವೆಯ ವೇಬ್ರಿಜ್, ಅಂದರೆ ಹಳಿಯಲ್ಲೇ ಕೂರಿಸಿದ ದೊಡ್ಡ ಕಾಟಾ, ಸರಿಯಾಗಿ ತೂಗುತ್ತಿದೆಯಾ ಅಂತ ನೋಡಬೇಕಾದರೆ ತೂಕ ಪಕ್ಕಾ ಗೊತ್ತಿರುವ ಒಂದು ಗಾಡಿಯನ್ನು ಅದರ ಮೇಲೆ ನಿಲ್ಲಿಸಬೇಕು. ಅಮೆರಿಕದಲ್ಲಿ ಸರ್ಕಾರದ ಅಳತೆ ಕಚೇರಿ 1910ರ ದಶಕದಲ್ಲೇ ಇಂಥ ಗಾಡಿಗಳನ್ನು ದೇಶದ ತುಂಬ ಓಡಿಸಿ ತಕ್ಕಡಿಗಳ ಪರೀಕ್ಷೆ ಶುರು ಮಾಡಿತು. ಅಲ್ಲಿ ಈ ಗಾಡಿಯ ಸಾಮಾನ್ಯ ತೂಕ 80,000 ಪೌಂಡ್, ಅಂದರೆ 36 ಟನ್ ಮೇಲೆ ಸ್ವಲ್ಪ. ಗಿಡ್ಡಗೆ, ಗಟ್ಟಿಗೆ ಮಾಡಿರುತ್ತಾರೆ. ನೀರು ನಿಲ್ಲುವ, ಧೂಳು ಕೂರುವ ಮೂಲೆ ಇರಬಾರದು, ಮರ ಬಳಸಬಾರದು. ಮರ ಮಳೆ ಕುಡಿದು ಭಾರವಾಗುತ್ತದೆ, ಬಿಸಿಲಿಗೆ ಹಗುರಾಗುತ್ತದೆ. ಕಲ್ಲಿನ ತೂಕ ದಿನಕ್ಕೊಂದಾದರೆ ತಕ್ಕಡಿಗೆ ಬುದ್ಧಿ ಹೇಳುವವರು ಯಾರು? ಇದನ್ನು ‘ಕಲ್ಲು ವ್ಯಾಗನ್’ ಅನ್ನೋಣ ಅಂತಿದ್ದೆ. ಆದರೆ ಶಹಾಬಾದ್ ಪಕ್ಕದಲ್ಲಿ ಕೂತು ಕಲ್ಲು ವ್ಯಾಗನ್ ಅಂದರೆ ಪರಸಿ (ನೆಲಕ್ಕೆ ಹಾಸುವ ಕಲ್ಲು) ತುಂಬಿದ ಗಾಡಿ ಅಂತಲೇ ಜನ ತಿಳಿಯುತ್ತಾರೆ. ಬೇಡ, ಬಿಟ್ಟೆ.

ಹಾಗಾದರೆ ವಾಡಿಯ ಗೂಡ್ಸ್ ಮೇಲೆ ಹುಡುಗ ಓದಿದ ಅಂಕಿ ಯಾವುದು? ಅದರ ಹೆಸರು ಟೇರ್, ಖಾಲಿ ಗಾಡಿಯ ತೂಕ. ಇಂಗ್ಲಿಷ್ ಪದ ಅನಿಸುತ್ತದೆ, ಆದರೆ ಬೇರು ಅರಬ್ಬಿಯದು. ‘ತರಹ್’ ಅಂದರೆ ಬಿಸಾಕು, ಕಳೆ. ನಾವು ‘ಈ ತರಹ’ ಅನ್ನುತ್ತೇವಲ್ಲ, ಉರ್ದುವಿನಿಂದ ಬಂದ ಆ ತರಹವೂ ಅದೇ ಬೇರಿನದು. ಕಳೆಯುವ ತೂಕ ಅನ್ನುವುದು ಟೇರ್‌ಗೆ ಒಪ್ಪುವ ಅರ್ಥವೇ. ತುಂಬಿದ ಗಾಡಿಯನ್ನು ವೇಬ್ರಿಜ್ ಮೇಲೆ ಹಾಯಿಸಿ, ಬಂದ ಅಂಕಿಯಿಂದ ಟೇರ್ ಕಳೆದರೆ ಮಾಲಿನ ತೂಕ.

ಕಲ್ಲಿದ್ದಲು ತರುವ ತೆರೆದ ಬಾಕ್ಸ್‌ಎನ್ ವ್ಯಾಗನ್ ತೆಗೆದುಕೊಳ್ಳಿ. ಮೂಲ ವಿನ್ಯಾಸದ ಲೆಕ್ಕದಲ್ಲಿ ಖಾಲಿ ತೂಕ 22.47 ಟನ್, ಹೇರಬಹುದಾದ ಮಾಲು 58.81 ಟನ್. ಕೂಡಿಸಿದರೆ 81.28. ನಾಲ್ಕು ಅಚ್ಚು, ಒಂದೊಂದರ ಮೇಲೆ 20.32 ಟನ್. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು ಅಂದರೆ, ಅದು ಬ್ರಿಟಿಷರ ಹಳೆ ಟನ್‌ನಲ್ಲಿ ಸರಿಯಾಗಿ 20. ಟನ್ ಬದಲಾದರೂ ಹಳಿ ಅದೇ ಅಲ್ವಾ! ಈಗ ಅನೇಕ ದಾರಿಗಳಲ್ಲಿ ಇದಕ್ಕಿಂತ ಜಾಸ್ತಿ ಹೇರಲು ಬಿಡುತ್ತಾರೆ. ಬಿಟ್ಟದ್ದಕ್ಕಿಂತ ಮೇಲೆ ಹೇರಿದರೆ ರೈಲ್ವೆ ಕಾಯ್ದೆ 1989ರ 73ನೇ ಕಲಂ ಪ್ರಕಾರ ದಂಡ. ಸಿಮೆಂಟ್ ಚೀಲಗಳಿಗೆ ಈ ತಾಪತ್ರಯ ಕಮ್ಮಿ. ಚೀಲಕ್ಕೆ 50 ಕಿಲೋ, ಎಣಿಸಿದರೆ ತೂಕ ಸಿಕ್ಕಿತು. ಕಲ್ಲಿದ್ದಲನ್ನು ಎಣಿಸಲಾಗುತ್ತದೆಯೇ? ಅದಕ್ಕೇ ಚಲಿಸುವ ಗಾಡಿಯನ್ನೇ ತೂಗುವ ವೇಬ್ರಿಜ್. ಹಳಿಯ ಕೆಳಗೆ ಲೋಡ್ ಸೆಲ್ ಇರುತ್ತವೆ, ಇಡೀ ರೇಕ್ (ವ್ಯಾಗನ್‌ಗಳ ಪೂರ್ತಿ ಸಾಲು) ಗಂಟೆಗೆ 15 ಕಿಲೋಮೀಟರ್ ಒಳಗಿನ ವೇಗದಲ್ಲಿ ದಾಟಿಹೋಗುತ್ತದೆ, ಒಂದೊಂದು ವ್ಯಾಗನ್ನಿನ ತೂಕವೂ ಬರುತ್ತದೆ.

ಟೇರ್ ವಿಷಯದಲ್ಲಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಗಾಡಿ ತುಂಬ ತೊಗರಿ ಒಯ್ದಿದ್ದೆವು. ತುಂಬಿದ ಗಾಡಿ ಕಾಟಾ ಮೇಲೆ ನಿಂತಾಗ ಡ್ರೈವರ್ ಚೀಟಿ ತರಲು ಇಳಿದು ಹೋದ. ಮಾಲು ಇಳಿಸಿ ಖಾಲಿ ಗಾಡಿ ತೂಗುವಾಗ ಸೀಟಿನಲ್ಲೇ ಕೂತಿದ್ದ. ಚೀಟಿ ನೋಡಿದರೆ ನಮ್ಮ ಲೆಕ್ಕಕ್ಕಿಂತ ಎಪ್ಪತ್ತು ಕಿಲೋ ಚಿಲ್ಲರೆ ಕಮ್ಮಿ. ಮನೆಗೆ ಬಂದ ಮೇಲೆ ತಲೆಗೆ ಹೊಳೆಯಿತು, ಆ ಎಪ್ಪತ್ತು ಕಿಲೋ ತೊಗರಿಯನ್ನು ಡ್ರೈವರ್ ತನ್ನ ಮೈಯಲ್ಲೇ ತೂಗಿ ಕಳೆದಿದ್ದ. ಕಾಟಾ ಸುಳ್ಳು ಹೇಳಿರಲಿಲ್ಲ. ಆಗ ಅನಿಸಿದ್ದುಂಟು, ಗಾಡಿಯಲ್ಲೇ ಕಾಟಾ ಇದ್ದಿದ್ದರೆ ಡ್ರೈವರ್ ಕೂತರೂ ನಿಂತರೂ ನಮಗೇನಾಗುತ್ತಿತ್ತು?

ಹಾಗಿದ್ದರೆ ಎಲ್ಲ ವ್ಯಾಗನ್‌ಗೂ ಒಂದೊಂದು ಕಾಟಾ ಕೂರಿಸಬಾರದೇಕೆ? ಭಾರತೀಯ ರೈಲ್ವೆಯ ಹತ್ತಿರ ಮೂರು ಲಕ್ಷಕ್ಕೂ ಮೇಲೆ ವ್ಯಾಗನ್ ಇವೆ. ಗೂಡ್ಸ್ ಡಬ್ಬಿಗೆ ಕರೆಂಟ್ ಇಲ್ಲ. ಶಂಟಿಂಗ್‌ನಲ್ಲಿ ಡಿಕ್ಕಿ, ಮೇಲಿಂದ ಜೆಸಿಬಿ ಸುರಿಯುವ ಮಾಲು, ಧೂಳು, ಮಳೆ. ಇದರ ಮೇಲೆ, ವ್ಯಾಪಾರಕ್ಕೆ ಬಳಸುವ ಯಾವ ಕಾಟಾಕ್ಕಾದರೂ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಮೂರು ಲಕ್ಷ ಕಾಟಾಗಳಿಗೆ ಮುದ್ರೆ ಹಾಕುತ್ತಾ ಹೋದರೆ ಯಾವಾಗ ಮುಗಿದೀತು? ದಾರಿಯಲ್ಲಿ ಒಂದು ವೇಬ್ರಿಜ್ ಇಟ್ಟರೆ ಸಾವಿರ ವ್ಯಾಗನ್ ತೂಗುತ್ತದೆ. ಅಗ್ಗದ ದಾರಿ ಅದೇ. ಕಾಟಾ ವ್ಯಾಗನ್ ಲಾಭ ತರುವುದು ಒಂದೇ ಗಾಡಿ ದಿನಕ್ಕೆ ನೂರು ಸಲ ತುಂಬಿ ಸುರಿಯುವ ಕಡೆ ಮಾತ್ರ.

ಆದರೂ ಹುಡುಗನಿಗೆ ‘ಬರೀ ಪೇಂಟ್’ ಅಂದದ್ದು ಪೂರ್ತಿ ನಿಜವಲ್ಲ. ಬಾಕ್ಸ್‌ಎನ್ ಥರದ ವ್ಯಾಗನ್ನಿನ ಪಕ್ಕದಲ್ಲಿ, ಕೆಳಗೆ, ಒಂದು ಹಿಡಿ ಇರುತ್ತದೆ. ಎರಡೇ ಜಾಗ: ಖಾಲಿ, ಲೋಡ್. ಖಾಲಿ ಗಾಡಿಗೆ ಭಾರದ ಗಾಡಿಯಷ್ಟೇ ಬ್ರೇಕ್ ಕೊಟ್ಟರೆ ಚಕ್ರ ಜಾಮ್ ಆಗಿ ಹಳಿಯ ಮೇಲೆ ಜಾರುತ್ತದೆ, ಸವೆದು ಚಪ್ಪಟೆಯಾಗುತ್ತದೆ. ಅದಕ್ಕೆ ಗಾಡಿಯ ಒಟ್ಟು ತೂಕ 42.5 ಟನ್ ದಾಟಿದರೆ ಹಿಡಿಯನ್ನು ಲೋಡ್ ಕಡೆ ತಿರುಗಿಸಬೇಕು. ಮನುಷ್ಯ ಮರೆಯುತ್ತಾನೆ. ಹೊಸ ನಮೂನೆಯ ವ್ಯಾಗನ್‌ಗಳಲ್ಲಿ ಈ ಹಿಡಿಯ ಬದಲು ತಾನೇ ತಿರುಗುವ ಒಂದು ಸಾಧನ ಇದೆ. ಮಾಲು ಬಿದ್ದಾಗ ಸ್ಪ್ರಿಂಗ್ ಎಷ್ಟು ಕುಗ್ಗಿತು ಅಂತ ಅದು ಮುಟ್ಟಿ ನೋಡಿ ಬ್ರೇಕ್ ಜೋರು ಮಾಡುತ್ತದೆ ಇಲ್ಲವೇ ಮೆತ್ತಗೆ ಮಾಡುತ್ತದೆ. ಡಯಲ್ ಇಲ್ಲ, ಅಂಕಿ ಇಲ್ಲ, ಮುದ್ರೆಯೂ ಬೇಡ.

ಆಮೇಲೆ ಇದನ್ನು ಹುಡುಗನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಯೋಚಿಸಿ, “ಅಂದ್ರ ಅದಕ್ಕ ಭಾರ ಅದನೋ ಹಗುರ ಅದನೋ ಅಷ್ಟು ಗೊತ್ತಾಗ್ತದ. ಎಷ್ಟಂತ ಕೇಳಬಾರ್ದು” ಅಂದ. ಹೌದು, ಎಷ್ಟಂತ ಕೇಳಬಾರದು.