ಐದು ಎಕರೆ ಸಿಗುತ್ತದೆ, ನೀರು?

ಅಮೆರಿಕದ ಕೊಲರಾಡೊ ರಾಜ್ಯದ ದಕ್ಷಿಣ ಅಂಚಿನಲ್ಲಿ ಕೊಸ್ಟಿಯಾ ಎಂಬ ಕೌಂಟಿ ಇದೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ಹಾಗೆ. ಆದರೆ ಇಲ್ಲಿ ಜನ ನಾಲ್ಕು ಸಾವಿರವೂ ಇಲ್ಲ. ಐದೈದು ಎಕರೆಯಂತೆ ತುಂಡು ಮಾಡಿದ ಜಮೀನು ಬಹಳ ಅಗ್ಗ. ಕರೆಂಟ್ ಕಂಪನಿ, ಅಂಗಡಿ ಯಾವುದರ ಹಂಗೂ ಇಲ್ಲದೆ ಬದುಕಬೇಕು ಅನ್ನುವವರು ಹುಡುಕಿಕೊಂಡು ಬರುತ್ತಾರೆ. ಸೋಲಾರ್‌ಗೆ ಬೇಕಾದಷ್ಟು ಬಿಸಿಲಿದೆ. ಸಮುದ್ರ ದೂರ, ಚಂಡಮಾರುತದ ಭಯವಿಲ್ಲ.

ಇಂಥ ಒಂದೊಂದಕ್ಕೂ ಅಂಕ ಕೊಟ್ಟು, ಕೂಡಿಸಿ, ಜಾಗ ಚೆನ್ನಾಗಿದೆ ಅನ್ನುವ ರೂಢಿ ಇದೆ. ನನಗೆ ಆ ಲೆಕ್ಕದ ಮೇಲೆ ನಂಬಿಕೆಯಿಲ್ಲ. 19ನೇ ಶತಮಾನದಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಒಂದು ನಿಯಮವನ್ನು ಪ್ರಚಾರಕ್ಕೆ ತಂದರು. ಗಿಡ ಎಷ್ಟು ಬೆಳೆಯುತ್ತದೆ ಎಂಬುದು ಅತಿ ಕೊರತೆಯಿರುವ ಪೋಷಕಾಂಶದ ಮೇಲೆ ನಿಂತಿದೆ. ರಂಜಕ ಸಾಲದಿದ್ದರೆ ಸಾರಜನಕ ಎಷ್ಟು ಸುರಿದರೂ ಅಷ್ಟೇ. ಬದುಕುವ ಜಾಗವನ್ನೂ ಹೀಗೇ ಅಳೆಯಬೇಕು.

ಕೊಸ್ಟಿಯಾದಲ್ಲಿ ಆ ಕೊರತೆ ನೀರಿನದು. ಕೌಂಟಿಯ ಕಣಿವೆ ಭಾಗದಲ್ಲಿ ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ ಸುಮಾರು 200 ಮಿಲಿಮೀಟರ್. ಅಂದರೆ 100 ಚದರ ಮೀಟರ್ ಚಾವಣಿಯ ಮೇಲೆ 20,000 ಲೀಟರ್ ಬೀಳುತ್ತದೆ. ಅದನ್ನೇ ಹಿಡಿದಿಟ್ಟರೆ ಆಯ್ತಲ್ವಾ? ಅಷ್ಟು ಸುಲಭವಲ್ಲ. ಕೊಲರಾಡೊದಲ್ಲಿ ನೀರನ್ನು ಮೊದಲು ಬಳಸಿದವರಿಗೆ ಮೊದಲ ಹಕ್ಕು; ಚಾವಣಿಯಿಂದ ಹರಿಯುವ ನೀರೂ ಆ ಲೆಕ್ಕದೊಳಗೇ ಬರುತ್ತದೆ. 2016ರ ಕಾನೂನು ಸಾಮಾನ್ಯ ಮನೆಯವರಿಗೆ ಎರಡು ಪೀಪಾಯಿ, ಒಟ್ಟು ಸುಮಾರು 416 ಲೀಟರ್ ತುಂಬಿಡಲು ಒಪ್ಪಿಗೆ ಕೊಟ್ಟಿತು. ಬೋರ್‌ವೆಲ್ ಕೊರೆಸಿದರೂ, 35 ಎಕರೆಗಿಂತ ಸಣ್ಣ ತುಂಡಿಗೆ ಸಾಮಾನ್ಯವಾಗಿ ಸಿಗುವ ಪರವಾನಗಿ ಮನೆಯೊಳಗಿನ ಬಳಕೆಗೆ ಮಾತ್ರ. ತರಕಾರಿ ಮಡಿಗೆ ಹಾಯಿಸುವಂತಿಲ್ಲ. ಜಮೀನಿನ ಜಾಹೀರಾತು ನೋಡಿ ಕೂಡಿಟ್ಟ ಹಣವನ್ನೆಲ್ಲ ಸುರಿಯುವವರಿಗೆ ಇದು ಮೊದಲೇ ತಿಳಿಯಬೇಕು.

ಎತ್ತರದ ತೊಡಕೂ ಇದೆ. ಕೌಂಟಿಯ ಮುಖ್ಯ ಊರು ಸ್ಯಾನ್ ಲೂಯಿಸ್ ಸುಮಾರು 2,400 ಮೀಟರ್ ಮೇಲಿದೆ. ಗಿಡ ಸುಟ್ಟುಹೋಗುವಂಥ ಹೆಪ್ಪುಗಟ್ಟಿಸುವ ಚಳಿ ಇಲ್ಲದ ಕಾಲ ಹೆಚ್ಚುಕಡಿಮೆ ಮೂರೇ ತಿಂಗಳು. ಆಲೂಗಡ್ಡೆ ಬರುತ್ತದೆ, ಟೊಮೆಟೊ ಕಷ್ಟ. ಬೆಳೆದದ್ದನ್ನು ಚಳಿಗಾಲಕ್ಕೆ ಬಾಟಲಿಗೆ ತುಂಬಿ, ಕುದಿಸಿ ಮುಚ್ಚಿಡೋಣ ಅಂದರೆ, ಗಾಳಿಯ ಒತ್ತಡ ಕಡಿಮೆಯಾಗಿ ನೀರು ಅಲ್ಲಿ 92 ಡಿಗ್ರಿಗೇ ಕುದಿಯುತ್ತದೆ. ಕೆಟ್ಟ ಆಹಾರದಿಂದ ಬರುವ, ಜೀವ ತೆಗೆಯಬಲ್ಲ ಬೊಟುಲಿಸಂ ರೋಗ ತರುವ ಬ್ಯಾಕ್ಟೀರಿಯಾದ ಬೀಜಕಣಗಳು 100 ಡಿಗ್ರಿಯಲ್ಲೂ ಉಳಿದುಬಿಡುತ್ತವೆ. ತರಕಾರಿ, ಮಾಂಸಕ್ಕೆ ಪ್ರೆಶರ್ ಕ್ಯಾನರ್, ಅಂದರೆ ಬಾಟಲಿಗಳನ್ನು ಒತ್ತಡದ ಹಬೆಯಲ್ಲಿ ಕಾಯಿಸುವ ಕುಕ್ಕರ್‌ನಂಥ ಪಾತ್ರೆ, ಬೇಕೇ ಬೇಕು. ಅದರ ಒತ್ತಡವನ್ನೂ ತಗ್ಗಿನ ಊರುಗಳಿಗಿಂತ ಜಾಸ್ತಿ ಇಡಬೇಕು.

ಜನ ಕಡಿಮೆ ಅಂದ ಮಾತ್ರಕ್ಕೆ ಅಪಾಯವೂ ಕಡಿಮೆ ಅಲ್ಲ. 2018ರ ಜೂನ್‌ನಲ್ಲಿ ಹತ್ತಿಕೊಂಡ ಸ್ಪ್ರಿಂಗ್ ಕ್ರೀಕ್ ಕಾಳ್ಗಿಚ್ಚು ಈ ಕೌಂಟಿಯನ್ನೂ ಪಕ್ಕದ ವೆರ್ಫಾನೊವನ್ನೂ ಸೇರಿಸಿ ಒಂದು ಲಕ್ಷ ಎಕರೆಗೂ ಹೆಚ್ಚು ಸುಟ್ಟಿತು. ನೂರಕ್ಕೂ ಹೆಚ್ಚು ಮನೆಗಳು ಹೋದವು.

ಹಾಗಾದರೆ ಸ್ಯಾನ್ ಲೂಯಿಸ್‌ನವರು 1851ರಿಂದ ಬದುಕಿದ್ದು ಹೇಗೆ? ಊರು ಕಟ್ಟಿದ ಮರುವರ್ಷವೇ ಅವರು ಕಾಲುವೆ ತೋಡಿದರು. 1852ರ ಆ ಕಾಲುವೆಯ ಹಕ್ಕು ಇಡೀ ರಾಜ್ಯದಲ್ಲೇ ಬಿಡದೆ ಬಳಕೆಯಲ್ಲಿರುವ ಅತಿ ಹಳೆಯದು. ಇಂಥ ಕಾಲುವೆಗಳನ್ನು ಅಲ್ಲಿ ಅಸೆಕಿಯಾ ಅನ್ನುತ್ತಾರೆ. ವಸಂತದಲ್ಲಿ ಪಾಲುದಾರರು ಒಟ್ಟಾಗಿ ಹೂಳೆತ್ತುತ್ತಾರೆ, ನೀರು ಕಡಿಮೆಯಾದ ವರ್ಷ ಕೊರತೆಯನ್ನೂ ಹಂಚಿಕೊಳ್ಳುತ್ತಾರೆ. ಜಮೀನು ನೋಡಲು ಹೋದವರು ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಇದನ್ನೇ: ಈ ತುಂಡಿಗೆ ಕಾಲುವೆಯ ಪಾಲು ಇದೆಯಾ? ಅಗ್ಗದ ಐದೆಕರೆ ತುಂಡುಗಳಲ್ಲಿ ಹೆಚ್ಚಿನವಕ್ಕೆ ಇಲ್ಲ.