ಸರಿ, ಇಡ್ಲಾ?

ಭಾನುವಾರ ಬೆಳಿಗ್ಗೆ ಅಮ್ಮ ಊರಲ್ಲಿರುವ ಚಿಕ್ಕಮ್ಮನಿಗೆ ಫೋನ್ ಹಚ್ಚುತ್ತಾಳೆ. ಮಳೆ, ಅಡಿಕೆ ರೇಟು, ಯಾರದೋ ಮಂಡಿನೋವು ಎಲ್ಲ ಮುಗಿದ ಮೇಲೆ ಹೀಗಾಗುತ್ತದೆ:

"ಹೂಂ... ಮತ್ತೆ?"

"ಮತ್ತೇನಿಲ್ಲ ಅಕ್ಕಾ, ನೀನೇ ಹೇಳ್ಬೇಕು."

"ಸರಿ ಹಾಗಾದ್ರೆ."

"ಹ್ಞೂಂ, ಸರಿ... ಅಂದ ಹಾಗೆ, ಆ ಹುಡುಗನ ಜಾತಕ ಬಂತಾ?"

ಇನ್ನು ಇಪ್ಪತ್ತು ನಿಮಿಷ ಖಾತ್ರಿ. ಒಲೆ ಮೇಲಿನ ಹಾಲು ನನ್ನ ಪಾಲಿಗೆ.

ಅಮೆರಿಕದ ಸಮಾಜಶಾಸ್ತ್ರಜ್ಞರಾದ ಎಮ್ಯಾನುಯೆಲ್ ಶೆಗ್ಲಾಫ್ ಮತ್ತು ಹಾರ್ವೆ ಸ್ಯಾಕ್ಸ್ 1973ರಲ್ಲಿ ಇದನ್ನೇ ಕುರಿತು ದೊಡ್ಡದೊಂದು ಪ್ರಬಂಧ ಬರೆದರು. ಜನ ಸಹಜವಾಗಿ ಆಡಿದ ಮಾತನ್ನು ಟೇಪ್ ಮಾಡಿ, ಕೆಮ್ಮು, ತಡವರಿಕೆ, ಮೌನ ಸಮೇತ ಕಾಗದಕ್ಕಿಳಿಸಿ ಓದುವುದು ಅವರ ಪದ್ಧತಿ. ಅವರನ್ನು ಕಾಡಿದ್ದು ಮೇಲ್ನೋಟಕ್ಕೆ ಪೆದ್ದುಪ್ರಶ್ನೆ: ಮಾತು ನಿಲ್ಲುವುದು ಹೇಗೆ? ಒಬ್ಬರು ಮುಗಿಸಿದರೆ ಇನ್ನೊಬ್ಬರು ಶುರುಮಾಡಬೇಕು ಎಂಬುದು ಮಾತುಕತೆಯ ನಿಯಮ. ಅದರೊಳಗೆ ಪೂರ್ಣವಿರಾಮವೇ ಇಲ್ಲ. ಸುಮ್ಮನಾದರೆ ಮುನಿಸು ಅನ್ನಿಸುತ್ತದೆ, ಥಟ್ಟನೆ ಇಟ್ಟರೆ ಜಗಳ.

ದಾರಿ ಇರುವುದು ಆ ಪುಟ್ಟ "ಸರಿ"ಯಲ್ಲಿ. ತನ್ನ ಸರದಿ ಬಂದಾಗ ಹೊಸ ವಿಷಯ ಎತ್ತದೆ ಬರೀ "ಸರಿ" ಅಂದವರು ಸರದಿಯನ್ನು ಖಾಲಿ ಬಿಟ್ಟಂತೆ: ನನ್ನದು ಮುಗಿಯಿತು, ನಿನ್ನದೇನಾದರೂ ಉಳಿದಿದ್ದರೆ ಈಗ ಹೇಳು. ಆ ಕಡೆಯಿಂದಲೂ ಖಾಲಿ "ಸರಿ" ಬಂದರೆ ಮಾತ್ರ ಬೀಳ್ಕೊಡುಗೆಗೆ ಅಪ್ಪಣೆ. ಒಬ್ಬರಿಂದ ಆಗುವ ಕೆಲಸವಲ್ಲ ಅದು.

ಚಿಕ್ಕಮ್ಮ "ಅಂದ ಹಾಗೆ" ಅಂದಳಲ್ಲ, ಅಲ್ಲಿದೆ ಸ್ವಾರಸ್ಯ. ಮೊದಲು ಎತ್ತಿದ ವಿಷಯವೇ ಫೋನ್ ಮಾಡಿದ ಕಾರಣ ಅನ್ನಿಸಿಕೊಳ್ಳುತ್ತದೆ. ಅಷ್ಟು ತೂಕ ಬೇಡವೆನಿಸಿದ್ದನ್ನು ಜನ ಹಿಂದಿಟ್ಟುಕೊಂಡು ಕಾಯುತ್ತಾರೆ. ಸಾಲ ಕೇಳುವುದು, ಜಾತಕದ ವಿಚಾರ, ಎದೆಯಲ್ಲಿ ಚುಳುಕ್ ಅಂದದ್ದು, ಎಲ್ಲವೂ ಈಗ ನೆನಪಾಯಿತೇನೋ ಎಂಬಂತೆ ಬಾಗಿಲ ಹತ್ತಿರ ಬಂದು ನಿಲ್ಲುತ್ತವೆ.

ವೈದ್ಯರಿಗಿದು ಚೆನ್ನಾಗಿ ಗೊತ್ತು. 2007ರಲ್ಲಿ ಸಮಾಜಶಾಸ್ತ್ರಜ್ಞ ಜಾನ್ ಹೆರಿಟೇಜ್ ಮತ್ತು ಸಂಗಡಿಗರು ಅಮೆರಿಕದ 20 ಮಂದಿ ಕುಟುಂಬ ವೈದ್ಯರೊಂದಿಗೆ ನಡೆಸಿದ ಒಂದು ಪ್ರಯೋಗ ಪ್ರಕಟಿಸಿದರು. ರೋಗಿ ಮೊದಲ ತೊಂದರೆ ಹೇಳಿಕೊಂಡ ಮೇಲೆ ವೈದ್ಯರು ಇನ್ನೊಂದು ಪ್ರಶ್ನೆ ಕೇಳಬೇಕು. ಆ ಪ್ರಶ್ನೆಗೆ ಎರಡು ರೂಪ, ನಡುವೆ ಇಂಗ್ಲಿಷಿನ ಒಂದೇ ಒಂದು ಪದದ ವ್ಯತ್ಯಾಸ. ಅದರ ಧಾಟಿಯನ್ನು ನಮ್ಮಲ್ಲಿ ಹಿಡಿಯಬೇಕಾದರೆ, ಒಬ್ಬರು "ಬೇರೇನೂ ಇಲ್ಲ ತಾನೇ?" ಅಂದ ಹಾಗೆ, ಇನ್ನೊಬ್ಬರು "ಇನ್ನೂ ಏನೋ ಹೇಳೋದಿತ್ತಲ್ವಾ?" ಅಂದ ಹಾಗೆ. ಎರಡನೆಯ ಬಗೆಯಲ್ಲಿ ಕೇಳಿದಾಗ, ಹೇಳದೆ ಉಳಿದುಹೋಗುತ್ತಿದ್ದ ತೊಂದರೆಗಳು 78% ಕಡಿಮೆಯಾದವು. ಮೊದಲನೆಯದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಆಗಲಿಲ್ಲ.

ಇಷ್ಟೆಲ್ಲ ಉಪಾಯವಿದ್ದೂ ಮಾತು ಬೇಕಾದಾಗ ನಿಲ್ಲುವುದಿಲ್ಲ. 2021ರಲ್ಲಿ ಪ್ರಕಟವಾದ, 932 ಮಾತುಕತೆಗಳ ಅಧ್ಯಯನದಲ್ಲಿ ಇಬ್ಬರಿಗೂ ಬೇಕೆನಿಸಿದ ಹೊತ್ತಿಗೆ ಮುಗಿದದ್ದು ಇಲ್ಲವೆನ್ನುವಷ್ಟು ಅಪರೂಪ. ಬೇಜಾರಾಗದಿರಲಿ ಎಂದು ಇಬ್ಬರೂ ಮನಸ್ಸಿನ ಮಾತು ಮುಚ್ಚಿಡುತ್ತಾರೆ. ಕೆಲವರಿಗೆ ಇನ್ನಷ್ಟು ಮಾತು ಬೇಕಾಗಿರುತ್ತದೆ ಎಂಬುದನ್ನೂ ಮರೆಯಬಾರದು. ನಮ್ಮಮ್ಮ ಆ ಪೈಕಿ.

ಕಳೆದ ಭಾನುವಾರ ಕೂತು ಎಣಿಸಿದೆ. "ಸರಿ ಹಾಗಾದ್ರೆ" ಇಂದ "ಇಡ್ತೀನಿ"ವರೆಗೆ ಒಂಬತ್ತು "ಸರಿ". ಜಾತಕ ಕೂಡಿಬರಲಿಲ್ಲವಂತೆ.