ನೆಗ್ಗನ್ನು ಒಳಗಿನಿಂದ ನೂಕಿ ತರಬೇಡಿ
“ಒಳಗಿನಿಂದ ಸ್ವಲ್ಪ ಒತ್ತಿ ನೋಡಿದೆ, ಅರ್ಧ ಹೊರಗೆ ಬಂತು.” ಕಾರು ನಿಲ್ಲಿಸಿದ ಕೂಡಲೇ ಕೇಳಿಬರುವ ಈ ಮಾತು ನನಗೆ ಬಾಯಿಪಾಠವಾಗಿದೆ. ಬಣ್ಣ ಬಳಿಯದೆ ಕಾರಿನ ನೆಗ್ಗು ತೆಗೆಯುವ ನನ್ನ ಕೆಲಸದಲ್ಲಿ ಆ ‘ಅರ್ಧ’ ಕೊಡುವಷ್ಟು ಕಷ್ಟವನ್ನು ಬೇರಾವುದೂ ಕೊಡುವುದಿಲ್ಲ.

ನೆಗ್ಗು ಎಂದರೆ ಬರೀ ಗುಂಡಿ ಎಂದು ಜನ ತಿಳಿಯುತ್ತಾರೆ. ಗುಂಡಿಯೇ ಆಗಿದ್ದರೆ ಹಿಂದಿನಿಂದ ನೂಕಿದರೆ ಮುಗಿಯುತ್ತಿತ್ತು. ಬಾಗಿಲಿನ ಹೊರ ತಗಡಿನ ದಪ್ಪ ಸುಮಾರು 0.7 ಮಿಲಿಮೀಟರ್. ಅದು ಒಂದೆಡೆ ಒಳಗೆ ಹೋದಾಗ ಸುತ್ತಲಿನ ಲೋಹ ಒತ್ತಡಕ್ಕೆ ಸಿಕ್ಕಿ ದಂಡೆಯಂತೆ ಮೇಲೇಳುತ್ತದೆ. ಬರಿಗಣ್ಣಿಗೆ ಆ ದಂಡೆ ಸುಲಭವಾಗಿ ಕಾಣುವುದಿಲ್ಲ. ಪಟ್ಟೆಗಳಿರುವ ದೀಪವನ್ನು ಎದುರಿಗೆ ಹಿಡಿದರೆ, ಪ್ರತಿಬಿಂಬದ ಗೆರೆಗಳು ಅಲ್ಲಿ ಸೊಟ್ಟಗಾಗಿ ಅದನ್ನು ತೋರಿಸಿಕೊಡುತ್ತವೆ. ಗುಂಡಿಗೆ ಬೀಗ ಹಾಕಿ ಕೂತಿರುವುದು ಈ ದಂಡೆಯೇ.

ದಯವಿಟ್ಟು ಇದೊಂದನ್ನು ನಿಧಾನವಾಗಿ ಓದಿ. ದಂಡೆ ಹಾಗೆಯೇ ಇರುವಾಗ ನಡುವನ್ನು ನೂಕಿದರೆ ಅಲ್ಲಿನ ಲೋಹಕ್ಕೆ ಹಿಂದಿರುಗಲು ಜಾಗವಿರುವುದಿಲ್ಲ. ಜಾಗವಿಲ್ಲದ ಲೋಹ ಹಿಗ್ಗುತ್ತದೆ, ತೆಳುವಾಗುತ್ತದೆ, ಮೊಡವೆಯಂತೆ ಹೊರಗೆ ಚಿಮ್ಮುತ್ತದೆ. ನೀವು ‘ಅರ್ಧ ಬಂತು’ ಎನ್ನುವುದು ಆ ಮೊಡವೆಯನ್ನು ನೋಡಿ. ನೆಗ್ಗು ಅದರ ಸುತ್ತ ಇನ್ನೂ ಇದೆ. ಹೆಚ್ಚು ಹಿಗ್ಗಿದ ಲೋಹವನ್ನು ಚೆನ್ನಾಗಿ ಕುಗ್ಗಿಸಲು ಸಾಮಾನ್ಯವಾಗಿ ಬೆಂಕಿ ಬೇಕು, ಬೆಂಕಿ ತಾಗಿದರೆ ಬಣ್ಣ ಉಳಿಯುವುದಿಲ್ಲ. ನಾವು ಮಾಡುವುದು ಇದಕ್ಕೆ ತಿರುವುಮುರುವು: ಪ್ಲಾಸ್ಟಿಕ್ ಮೊನೆಯಿಂದ ದಂಡೆಯನ್ನು ತಟ್ಟಿ ಇಳಿಸುತ್ತೇವೆ, ಒಳಗಿನಿಂದ ಸರಳಿನ ತುದಿಯಲ್ಲಿ ಕೂದಲೆಳೆಯಷ್ಟು ಒತ್ತುತ್ತೇವೆ, ಮತ್ತೆ ತಟ್ಟುತ್ತೇವೆ. ಒಂದು ನೆಗ್ಗಿಗೆ ಇಂಥ ನೂರಾರು ಒತ್ತು ಬೇಕಾಗಬಹುದು.

ಹೇರ್ ಡ್ರೈಯರಿನಿಂದ ಕಾಯಿಸಿ ಮಂಜುಗಡ್ಡೆ ಇಟ್ಟರೆ ನೆಗ್ಗು ತಾನೇ ಏಳುತ್ತದೆ ಎನ್ನುವ ವಿಡಿಯೊ ನೋಡಿ ಬರುವವರೂ ಇದ್ದಾರೆ. ನಾವೂ ಬಿಸಿ ಕೊಡುತ್ತೇವೆ. ಆದರೆ ಅದು ಬಣ್ಣ ಬಿರಿಯದಿರಲಿ ಎಂದು, ನೆಗ್ಗು ಏಳಲಿ ಎಂದಲ್ಲ. ಪ್ಲಾಸ್ಟಿಕ್ ಬಂಪರ್ ಬಿಸಿ ನೀರಿಗೆ ಮಣಿಯುವುದುಂಟು, ಅದರ ಲೆಕ್ಕ ಬೇರೆ.

ಎಲ್ಲವೂ ಸರಿಹೋಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ನೆಗ್ಗು ಅಗಲವಾಗಿದೆ ಎಂದ ಮಾತ್ರಕ್ಕೆ ಹೆದರಬೇಕಿಲ್ಲ. ಚಿಕ್ಕದಾದರೂ ಚೂಪಾಗಿರುವುದು, ಅಂಚಿಗೆ ಬಿದ್ದದ್ದು, ಅಲ್ಯೂಮಿನಿಯಂ ಬಾನೆಟ್ಟಿನ ಮೇಲಾದದ್ದು ಕಠಿಣ. ಬಣ್ಣ ಬಿರಿದಿದ್ದರೆ ಈ ವಿಧಾನದಿಂದ ಅಲ್ಲಿ ಹೆಚ್ಚು ಪ್ರಯೋಜನವಿಲ್ಲ. ಕಾರ್ಖಾನೆಯ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ 0.1ರಿಂದ 0.15 ಮಿಲಿಮೀಟರ್ ದಪ್ಪ; ಅದು ಲೋಹದೊಂದಿಗೆ ಬಾಗುತ್ತದೆ. ಪುಟ್ಟಿಯ ಮೇಲೆ ಬಳಿದದ್ದು ಬಾಗದೆ ಒಡೆಯುತ್ತದೆ. ಹಿಂದೆ ಅಲ್ಲಿ ಪುಟ್ಟಿ ಹಾಕಿಸಿದ್ದರೆ ದಯವಿಟ್ಟು ಮುಚ್ಚಿಡಬೇಡಿ.

ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಅಪ್ಪನ ಕಾರನ್ನು ಕಂಬಕ್ಕೆ ತಾಗಿಸಿಕೊಂಡು ಬಂದಿದ್ದಳು. ಹಿಂಬಾಗಿಲಿನಲ್ಲಿ ಅಂಗೈಯಗಲದ ನೆಗ್ಗು. ಬಣ್ಣಕ್ಕೆ ಏಟಾಗಿರಲಿಲ್ಲ, ಹಾಗೆಯೇ ತಂದಿದ್ದರೆ ಅರ್ಧ ಗಂಟೆಯ ಕೆಲಸ. ಅಪ್ಪ ನೋಡುವ ಮೊದಲೇ ಸರಿಮಾಡಬೇಕೆಂದು ಅವಳು ಕಿಟಕಿ ಗಾಜಿನ ಸಂದಿನಿಂದ ಸ್ಕ್ರೂಡ್ರೈವರ್ ಇಳಿಸಿ ಒತ್ತಿದ್ದಳು. ಹನ್ನೊಂದು ಮೊಡವೆ, ಒಂದರ ತುದಿಯಲ್ಲಿ ಬಣ್ಣ ಒಡೆದಿತ್ತು. ಬೈಯಬೇಕೆನಿಸಿತು, ಅವಳ ಮುಖ ನೋಡಿ ಬೈಯಲಾಗಲಿಲ್ಲ. ಹತ್ತು ಮೊಡವೆಗಳನ್ನು ಇಳಿಸಲು ಮೂರು ಗಂಟೆ ಹಿಡಿಯಿತು. ಹನ್ನೊಂದನೆಯದನ್ನು ಸಮಮಾಡಿದೆ, ಆದರೆ ಸಾಸಿವೆ ಕಾಳಿನಷ್ಟು ಬಣ್ಣ ಹೋದ ಚುಕ್ಕೆ ಹಾಗೆಯೇ ಉಳಿಯಿತು. ತುಕ್ಕು ಹಿಡಿಯದಂತೆ ಅದರ ಮೇಲೆ ಬಣ್ಣದ ಹನಿಯೊಂದನ್ನು ಇಟ್ಟು ಕಳಿಸಿದೆ.